ಐಹೊಳೆ: ಅಯ್ಯಾವೊಳೆ ಎಂಬ ವರ್ತಕ ನಗರದ ಅವಶೇಷಗಳು

ಐಹೊಳೆ ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿ ಮಲಪ್ರಭಾ ನದಿಯ ದಂಡೆಯ ಮೇಲಿರುವ ಗ್ರಾಮ. ಶಾಸನಗಳಲ್ಲಿ ಇದರ ಹೆಸರು ಅಯ್ಯಾವೊಳೆ, ಸಂಸ್ಕೃತದಲ್ಲಿ ಆರ್ಯಪುರ. 6ರಿಂದ 12ನೆಯ ಶತಮಾನದವರೆಗೆ ಕಟ್ಟಿದ ನೂರಕ್ಕೂ ಹೆಚ್ಚು ಗುಡಿಗಳು ಊರೊಳಗೆ, ಹೊಲಗಳ ನಡುವೆ, ಗುಡ್ಡದ ಮೇಲೆ ಹರಡಿಕೊಂಡಿವೆ. ಇದನ್ನು ದೇವಾಲಯ ವಾಸ್ತುಶಿಲ್ಪದ ತೊಟ್ಟಿಲು ಎಂದು ಕರೆಯುವುದು ವಾಡಿಕೆ. ಆ ಮಾತು ಸುಳ್ಳಲ್ಲ, ಆದರೆ ಅದರಲ್ಲಿ ಊರಿನ ಅರ್ಧ ಚರಿತ್ರೆ ಮಾತ್ರ ಇದೆ. ಮಧ್ಯಯುಗದ ದಕ್ಷಿಣ ಭಾರತದ ಅತ್ಯಂತ ಪ್ರಸಿದ್ಧ ವರ್ತಕ ಸಂಘವಾದ ಅಯ್ಯಾವೊಳೆಯ ಐನೂರ್ವರು ತಮ್ಮ ಹೆಸರನ್ನು ಪಡೆದದ್ದು ಈ ಊರಿನಿಂದ. ಆದ್ದರಿಂದ ಇಲ್ಲಿನ ಅವಶೇಷಗಳನ್ನು ಶಿಲ್ಪಿಗಳ ಪ್ರಯೋಗಶಾಲೆಯೆಂದಷ್ಟೇ ನೋಡದೆ, ವ್ಯಾಪಾರದ ವಿಶ್ವಾಸ ಬೇರುಬಿಟ್ಟ ನಗರವೆಂದೂ ಓದಬೇಕು. ಹಾಗೆ ಓದಲು ಬೇಕಾದ ಆಧಾರಗಳು ಬಹುಮಟ್ಟಿಗೆ ಐಹೊಳೆಯ ಹೊರಗೆ, ನೂರಾರು ಹರದಾರಿ ದೂರದ ಕಲ್ಲುಗಳ ಮೇಲೆ ಇವೆ.

ಐಹೊಳೆಯ ಸುತ್ತಲಿನದು ಮರುಭೂಮಿಯಲ್ಲ, ಆದರೆ ಮಳೆ ನೆಚ್ಚಲಾಗದ ಒಣ ಸೀಮೆ. ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಂಥ ಊರುಗಳಿಂದ ಮೂಡಣಕ್ಕೆ ಹೊರಟರೆ ಮಲೆನಾಡಿನ ಸೆರಗು ಹಿಂದೆ ಸರಿದು, ಎರೆಹೊಲಗಳ ಬಯಲು ದಾಟಿ, ಕೆಂಪು ಮರಳುಗಲ್ಲಿನ ಗುಡ್ಡಗಳು ಎದುರಾಗುತ್ತವೆ. ಇಂಥ ನಾಡಿನಲ್ಲಿ ಸರಕು ತಾನಾಗಿ ಬರುವುದಿಲ್ಲ; ಹೊತ್ತು ತರಬೇಕು. ಕರಾವಳಿಯ ಉಪ್ಪು ಘಟ್ಟ ಹತ್ತಿ ಒಳನಾಡಿಗೆ ಬರುತ್ತಿದ್ದದ್ದು ಹೇರೆತ್ತುಗಳ ಬೆನ್ನ ಮೇಲೆ. ಉಪ್ಪಿನಬೆಟಗೇರಿ ಇಂದಿಗೂ ತನ್ನ ಹೆಸರಿನ ಮೊದಲಲ್ಲೇ ಉಪ್ಪನ್ನು ಇಟ್ಟುಕೊಂಡಿದೆ. ಇಂಥ ಒಣ ಸೀಮೆಯಲ್ಲಿದ್ದರೂ ಐಹೊಳೆಯಲ್ಲಿ ನೆಲೆ ಹಳೆಯದು. ಮೇಗುತಿ ಗುಡ್ಡದಲ್ಲಿ ಜನ ಮೋರ್ಯರ ಮನೆ ಎನ್ನುವ ಶಿಲಾಸಮಾಧಿಗಳಿವೆ. ಅಂಬಿಗೇರ ಗುಡಿಯ ಹಿಂದೆ ನಡೆದ ಸಣ್ಣ ಉತ್ಖನನದಲ್ಲಿ ಚಾಲುಕ್ಯರಿಗಿಂತ ಮುಂಚಿನ ಇಟ್ಟಿಗೆಯ ಅಡಿಪಾಯ, ಕೆಂಪು ಮಡಕೆಗಳು ದೊರೆತಿವೆ. ಬಾದಾಮಿ ಚಾಲುಕ್ಯರ ಕಾಲದಲ್ಲಿ ಊರು ಅರಸರ ಗಮನ ಪಡೆಯಿತು. ಮೇಗುತಿ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಬರೆಸಿದ 634ರ ಶಾಸನ ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದದ್ದನ್ನು ಹೇಳುತ್ತದೆ. ಕಾಳಿದಾಸ, ಭಾರವಿ ಇಬ್ಬರ ಹೆಸರನ್ನೂ ಎತ್ತುತ್ತದೆ. ಊರಿಗೆ ಕೋಟೆಯೂ ಇತ್ತು. ಇಲ್ಲಿನ ಹೆಸರಾಂತ ದುರ್ಗದ ಗುಡಿಗೆ ಆ ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ಪಕ್ಕದ ದುರ್ಗದಿಂದ, ಅಂದರೆ ಕೋಟೆಯಿಂದ.

ವರ್ತಕರ ಚರಿತ್ರೆ ಇಲ್ಲಿಂದ ಹೊರಗೆ ಹರಡುವ ಬಗೆ ಬೆರಗು ಹುಟ್ಟಿಸುವಂಥದು. ಗದಗ ಜಿಲ್ಲೆಯ ಡಂಬಳದ 1095ರ ಶಾಸನ ಹದಿನಾರು ಮಂದಿ ಸೆಟ್ಟಿಗಳು ಬೌದ್ಧ ವಿಹಾರ ಕಟ್ಟಿಸಿದ್ದನ್ನು ದಾಖಲಿಸುವುದರ ಜೊತೆಗೆ ಅಯ್ಯಾವೊಳೆಯ ಸ್ವಾಮಿಗಳನ್ನು, ಅಂದರೆ ಐನೂರ್ವರನ್ನು, ಹೊಗಳುತ್ತದೆ. ಶಿಕಾರಿಪುರ ಸೀಮೆಯ ಶಾಸನವೊಂದು ಇವರು ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ಸಂಚರಿಸಿ ಆನೆ, ಕುದುರೆ, ರತ್ನ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿಗಳನ್ನು ಸಗಟಾಗಿಯೂ ಬಿಡಿಯಾಗಿಯೂ ಮಾರುತ್ತಿದ್ದರೆಂದು ವರ್ಣಿಸುತ್ತದೆ. ಸೆಟ್ಟಿ, ಗವರೆ, ಮುಮ್ಮುರಿದಂಡ, ನಾನಾದೇಶಿ ಎಂಬ ಬೇರೆ ಬೇರೆ ವರ್ತಕರು ಈ ಒಂದು ಹೆಸರಿನ ಅಡಿಯಲ್ಲಿ ಕೂಡುತ್ತಿದ್ದರು. ಅವರ ನಡೆವಳಿಗೆ ವೀರಬಣಂಜು ಧರ್ಮವೆಂದು ಹೆಸರು. ಬಣಜಿಗ ಎಂಬ ಮಾತಿನಲ್ಲಿ ಅದರ ನೆನಪು ಉತ್ತರ ಕರ್ನಾಟಕದಲ್ಲಿ ಇಂದಿಗೂ ಉಳಿದಿದೆ. ತಮಿಳುನಾಡಿನಲ್ಲಿ ಇವರು ಐನ್ನೂಟ್ರುವರ್. ಸುಮಾತ್ರಾ ದ್ವೀಪದ ಲೋಬು ತುವಾದಲ್ಲಿ ಸಿಕ್ಕ 1088ರ ತಮಿಳು ಶಾಸನ ಈ ಐನೂರ್ವರದೇ. ಬರ್ಮಾದ ಪಗಾನಿನಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣು ದೇವಾಲಯವಿತ್ತೆಂದು 13ನೆಯ ಶತಮಾನದ ಶಾಸನ ತಿಳಿಸುತ್ತದೆ. ಕಡಲನ್ನೇ ಕಾಣದ ಮಲಪ್ರಭೆಯ ಒಂದು ಊರು ಹೀಗೆ ಕಡಲಾಚೆಯ ವರ್ತಕರ ಗುರುತಾಯಿತು.

ಈ ಓದಿಗೆ ಮೊದಲ ಆಕ್ಷೇಪ ಹೆಸರಿನ ಕುರಿತದ್ದು. ಐಹೊಳೆಯ ಹಳೆಯ ಶಾಸನದಲ್ಲಿ ಐನೂರ್ವರೆಂದರೆ ನಾಲ್ಕು ವೇದ ಬಲ್ಲ ಮಹಾಜನರು, ವರ್ತಕರಲ್ಲ. ಮುಂದೆ ತಿರುಗಾಡುವ ವ್ಯಾಪಾರಿಗಳು ಒಂದು ಪೂಜ್ಯ ಹೆಸರನ್ನು ತಮ್ಮದಾಗಿಸಿಕೊಂಡರು. ಹೆಸರು ಎರವಲು ಪಡೆದ ಮಾತ್ರಕ್ಕೆ ಊರು ವ್ಯಾಪಾರದ ನಗರವಾಗದು ಎಂಬುದು ವಾದ. ಇದರ ಮೊದಲ ಭಾಗವನ್ನು ಒಪ್ಪಲೇಬೇಕು. ಸಂಘದ ಸದಸ್ಯರೆಲ್ಲ ಐಹೊಳೆಯವರಾಗಿದ್ದರೆಂದೂ, ಇಲ್ಲಿ ಒಂದು ಕೇಂದ್ರ ಕಚೇರಿ ಇತ್ತೆಂದೂ ಹೇಳಲು ಆಧಾರವಿಲ್ಲ. ಆದರೆ ವರ್ತಕರು ಹೆಸರನ್ನು ಸುಮ್ಮನೆ ಆರಿಸಿಕೊಳ್ಳುವುದಿಲ್ಲ. ಮುಖ ನೋಡದ ಊರಿನಲ್ಲಿ ಸಾಲಕ್ಕೆ ಸರಕು ಕೊಡಬೇಕಾದಾಗ, ಸುಂಕದ ಕಟ್ಟೆಯಲ್ಲಿ ಮಾತು ನಡೆಯಬೇಕಾದಾಗ, ಹೆಸರೇ ಜಾಮೀನು. ಬನವಾಸಿ, ಬಾದಾಮಿಯಂಥ ರಾಜಧಾನಿಗಳನ್ನು ಬಿಟ್ಟು ಅಯ್ಯಾವೊಳೆಯನ್ನು ಅವರು ಹಿಡಿದದ್ದಕ್ಕೆ, ಬಿಡದೆ ಶತಮಾನಗಳ ಕಾಲ ತಮ್ಮನ್ನು ಅಯ್ಯಾವೊಳೆಪುರದ ಒಡೆಯರೆಂದೂ ಅಲ್ಲಿನ ಭಗವತಿಯ ಭಕ್ತರೆಂದೂ ಸಾರಿಕೊಂಡದ್ದಕ್ಕೆ, ಆ ಊರಿನ ಮಾತಿಗೆ ಪೇಟೆಯಲ್ಲಿ ಬೆಲೆ ಇತ್ತೆಂಬುದೇ ಸಹಜವಾದ ವಿವರಣೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ನಗರವಾಗಿದ್ದರೆ ಅಂಗಡಿ ಬೀದಿ ಎಲ್ಲಿ? ಸಿರಿಯಾದ ಮರುಭೂಮಿಯ ಪಾಲ್ಮಿರಾದಲ್ಲಿ ಕಂಬಸಾಲಿನ ಬೀದಿ ಇದೆ. ಒಂಟೆಯ ಹೇರಿಗೆ ಇಷ್ಟು ಸುಂಕವೆಂದು ಕ್ರಿ.ಶ. 137ರಲ್ಲಿ ಕೊರೆದ ಕಲ್ಲೂ ಸಿಕ್ಕಿದೆ. ಹಂಪಿಯಲ್ಲಿ ವಿರೂಪಾಕ್ಷ ಬಜಾರು, ಕೃಷ್ಣ ಬಜಾರುಗಳ ಮಂಟಪಸಾಲು ಕಣ್ಣೆದುರೇ ಇದೆ. ಐಹೊಳೆಯಲ್ಲಿ ಅಂಥದೊಂದೂ ಇಲ್ಲ. ಇದಕ್ಕೆ ಮೊದಲ ಉತ್ತರ, ನಮ್ಮ ಸೀಮೆಯಲ್ಲಿ ಕಲ್ಲು ದೇವರಿಗೆ, ಮಣ್ಣು ಮನುಷ್ಯರಿಗೆ. ಮಾಳಿಗೆ ಮನೆ, ಮಳಿಗೆ, ಸಂತೆಯ ಚಪ್ಪರ ಯಾವುವೂ ಸಾವಿರ ವರ್ಷ ನಿಲ್ಲುವುದಿಲ್ಲ. ಕೋಟೆಯೊಳಗೆ ಇಂದಿಗೂ ಜನವಸತಿ ಇರುವುದರಿಂದ ಅಗೆತವೂ ಬಹಳ ಕಡಿಮೆ. ನೋಡದ ಕಡೆ ಇಲ್ಲವೆನ್ನುವುದು ಸಲ್ಲದು. ಎರಡನೆಯ ಉತ್ತರ ಗುಡಿಗಳ ಕಾಲಮಾನದಲ್ಲಿದೆ. 8ನೆಯ ಶತಮಾನದ ನಡುವೆ ಬಾದಾಮಿ ಚಾಲುಕ್ಯರ ಆಳಿಕೆ ಮುಗಿದು, ರಾಷ್ಟ್ರಕೂಟರ ಕಾಲದಲ್ಲಿ ಮಾನ್ಯಖೇಟ, ಆಮೇಲೆ ಕಲ್ಯಾಣ ರಾಜಧಾನಿಗಳಾದವು. ಅರಸರು ದೂರ ಹೋದರೂ ಐಹೊಳೆಯಲ್ಲಿ ಕಟ್ಟಡದ ಕೆಲಸ ನಿಲ್ಲಲಿಲ್ಲ. 12ನೆಯ ಶತಮಾನದ ಆರಂಭದ ಚರಂತಿಮಠದ ಬಸದಿಗಳು ಅದಕ್ಕೆ ಸಾಕ್ಷಿ. ಅರಮನೆಯ ನೆರಳಿಲ್ಲದ ಊರಿನಲ್ಲಿ ನಾಲ್ಕು ಶತಮಾನ ಗುಡಿ ಏಳುತ್ತಲೇ ಇದ್ದರೆ ಅಲ್ಲಿ ಹಣದ ಬೇರೊಂದು ಒರತೆ ಇದ್ದಿರಬೇಕು. ಬೇಸಾಯವೊಂದೇ ಅದಕ್ಕೆ ಸಾಲುವಷ್ಟು ನೆಲ ಧಾರಾಳವಲ್ಲ. ಜೊತೆಗೆ, ಮಧ್ಯಯುಗದ ಗುಡಿ ಪೂಜೆಯ ಮನೆಯಷ್ಟೇ ಆಗಿರಲಿಲ್ಲ. ದತ್ತಿಯ ಹೊನ್ನನ್ನು ಬಡ್ಡಿಗೆ ಇಡುವುದು, ಹೇರಿಗೆ ಇಷ್ಟೆಂದು ಸಂಘ ತಾನೇ ಹಾಕಿಕೊಂಡ ವಂತಿಗೆಯನ್ನು ದೇವರಿಗೆ ಬಿಡುವುದು, ಅದನ್ನು ಕಲ್ಲಿನಲ್ಲಿ ಕೊರೆಸುವುದು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ಹಾಗಾಗಿ ಜೈನ, ಶೈವ, ವೈಷ್ಣವ ಗುಡಿಗಳು ಇಲ್ಲಿ ಅಕ್ಕಪಕ್ಕದಲ್ಲಿರುವುದು ಹಲವು ದೇವರ ಹಲವು ವರ್ತಕರು ಕೂಡುವ ಊರಿಗೆ ಒಪ್ಪುವಂಥದ್ದೇ.

ಇಂದಿನ ಸಂದರ್ಶಕನಿಗೆ ಇದೆಲ್ಲ ಕಾಣದಿರಲು ಐಹೊಳೆಯನ್ನು ನೋಡುವ ರೂಢಿಯೂ ಕಾರಣ. 1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ನರ ಬರಹದೊಂದಿಗೆ ಹೊರಬಂದ ಧಾರವಾಡ–ಮೈಸೂರು ವಾಸ್ತುಶಿಲ್ಪದ ಛಾಯಾಚಿತ್ರ ಸಂಪುಟವೂ, 1874ರ ಜೇಮ್ಸ್ ಬರ್ಜೆಸ್‌ನ ವರದಿಯೂ ಗುಡಿಗಳನ್ನು ಊರಿನಿಂದ ಬಿಡಿಸಿ ನೋಡುವ ಕ್ರಮವನ್ನು ನೆಲೆಗೊಳಿಸಿದವು. ಶೈಲಿಯ ಬೆಳವಣಿಗೆ ತಿಳಿಯಲು ಅದು ಬಹಳ ನೆರವಾಯಿತು, ಆದರೆ ಪಟ್ಟಣದ ಚಿತ್ರ ಮಸುಕಾಯಿತು. ಗುಡಿಗಳ ಹೆಸರುಗಳನ್ನೇ ಕೇಳಿದರೂ ಅದು ತಿಳಿಯುತ್ತದೆ: ಲಾಡಖಾನ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ. ಇವು ಕಟ್ಟಿಸಿದವರ ಹೆಸರುಗಳಲ್ಲ, ಆಮೇಲೆ ಅಲ್ಲಿ, ಅದರ ಸುತ್ತ ಬಾಳಿದವರ ನೆನಪುಗಳು. ಊರನ್ನು ಬೇರೆಡೆಗೆ ಸ್ಥಳಾಂತರಿಸಿ ಸ್ಮಾರಕಗಳನ್ನು ಬಿಡಿಯಾಗಿ ಉಳಿಸುವ ಮಾತು ಹಲವು ಸಲ ಬಂದಿದೆ. ಗುಡಿಗೆ ಒರಗಿದ ಗೋಡೆಗಳಿಂದ ಶಿಲ್ಪಕ್ಕೆ ಹಾನಿಯಿದೆ ಎಂಬ ಕಾಳಜಿ ನ್ಯಾಯವಾದದ್ದು. ತೀರ ಅಂಟಿಕೊಂಡ ಮನೆಗಳಿಗೆ ಒಪ್ಪಿಗೆಯ ಮೇರೆಗೆ ಬೇರೆ ನೆಲೆ ಕೊಡುವುದಕ್ಕೂ ಕಾರಣವಿದೆ. ಆದರೆ ಊರನ್ನೆಲ್ಲ ತೆರವು ಮಾಡಿ ಹುಲ್ಲುಹಾಸು ಬೆಳೆಸಿದರೆ, ಪೇಟೆ ಇದ್ದಿರಬಹುದಾದ ನೆಲದ ಕುರುಹು ಪರೀಕ್ಷೆಗೆ ಮುಂಚೆಯೇ ಅಳಿಯುತ್ತದೆ. ಐಹೊಳೆಗೆ ಹೋದವರು ಎರಡು ಗುಡಿಗಳ ನಡುವಿನ ಓಣಿಯಲ್ಲಿ, ಕೋಟೆಯ ಒಡೆದ ಗೋಡೆಯ ಬಳಿ, ಹೊಳೆಗೆ ಇಳಿಯುವ ದಾರಿಯಲ್ಲಿ ಒಂದಿಷ್ಟು ಹೊತ್ತು ನಿಲ್ಲಬೇಕು. ಸುಮಾತ್ರದವರೆಗೆ ನಡೆದ ಹೆಸರು ಹೊರಟದ್ದು ಆ ಓಣಿಗಳಿಂದ.