ಹಳೇಬೀಡಿನ ಕಂಬದ ಜಗಳ ಮತ್ತು 1638ರ ರಾಜಿ

ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರ ದೇವಸ್ಥಾನ ನೋಡಿ, ಎಳನೀರು ಕುಡಿದು, ಬೇಲೂರು ಬಸ್ ಹತ್ತುತ್ತಾರೆ. ಪಕ್ಕದ ಬಸ್ತಿಹಳ್ಳಿಯ ಕಡೆ ನಡೆಯುವವರು ಕಡಿಮೆ. ಮೊದಲ ಸಲ ನಾವೂ ಹೋಗಿರಲಿಲ್ಲ. ಎರಡನೇ ಸಲ ಹೋದಾಗ ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ನಮ್ಮ ಮುಖ ನೋಡಿಕೊಂಡೆವು. ಕಲ್ಲನ್ನು ಕನ್ನಡಿಯಂತೆ ಉಜ್ಜಿದ್ದಾರೆ. ಎಲ್ಲರಂತೆ ಫೋಟೊ ಹೊಡೆದುಕೊಂಡು ಬಂದೆವು. ಈ ಬಸದಿಯ ಕಂಬಗಳಿಂದಲೇ ಒಂದು ಕಾಲಕ್ಕೆ ದೊಡ್ಡ ಜಗಳ ಎದ್ದಿತ್ತು ಅನ್ನೋದು ಆಮೇಲೆ ಶಾಸನದ ಪಾಠ ಓದಿದಾಗ ಗೊತ್ತಾಯಿತು.

ಬಸದಿ ಕಟ್ಟಿಸಿದ್ದು 1133ರಲ್ಲಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡಾಗ ಮಗ ಬೊಪ್ಪದೇವ ತಂದೆಯ ನೆನಪಿಗೆ ಕಟ್ಟಿಸಿದ. ಅದೇ ಹೊತ್ತಿಗೆ ರಾಜನಿಗೆ ಯುದ್ಧದಲ್ಲಿ ಗೆಲುವಾಯಿತು, ಮನೆಯಲ್ಲಿ ಗಂಡುಮಗು ಹುಟ್ಟಿತು. ಹಾಗಾಗಿ ದೇವರಿಗೆ ವಿಜಯ ಪಾರ್ಶ್ವನಾಥ ಎಂಬ ಹೆಸರು ಬಂತು.

ಅಲ್ಲಿಂದ ಐನೂರು ವರ್ಷ ಮುಂದೆ ಬನ್ನಿ. ಹೊಯ್ಸಳರು ಇಲ್ಲ, ವಿಜಯನಗರದ ವೈಭವವೂ ಮುಗಿದಿದೆ. ಬೇಲೂರಿನಲ್ಲಿ ನಾಯಕರ ಆಳ್ವಿಕೆ. 1638ರ ಶಾಸನ ಹೇಳುವ ಪ್ರಕಾರ, ಹುಚ್ಚಪ್ಪದೇವರು ಎಂಬ ವೀರಶೈವರೊಬ್ಬರು ಈ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದರು. ವಿಜಯಪ್ಪ ಎಂಬ ಜೈನರು ಅದನ್ನು ಅಳಿಸಿಹಾಕಿದರು.

ಇಷ್ಟು ಸಾಕಲ್ಲ? ಒಬ್ಬರು ಗುರುತು ಹಾಕಿದ್ದಾರೆ, ಇನ್ನೊಬ್ಬರು ಅಳಿಸಿದ್ದಾರೆ. ಇಂಥದ್ದು ಈಗ ಆದರೆ ಸಂಜೆಯೊಳಗೆ ವಾಟ್ಸಾಪ್ ಗ್ರೂಪುಗಳಲ್ಲಿ ಏನೆಲ್ಲ ಓಡಾಡುತ್ತದೆ ಅಂತ ನಿಮಗೂ ಗೊತ್ತು.

ಆಗ ಆಗಿದ್ದೇ ಬೇರೆ. ಜೈನ ಪ್ರಮುಖರು ಸೇರಿ ಮಹಾಮಹತ್ತಿನ ಮುಂದೆ ಹೋದರು. ಮಹಾಮಹತ್ತು ಅಂದರೆ ವೀರಶೈವ ಗುರುಹಿರಿಯರ ಸಭೆ. ಅಂದರೆ, ಲಿಂಗಮುದ್ರೆ ಒತ್ತಿದವರ ಕಡೆಯ ಸಭೆಯ ಮುಂದೆಯೇ ದೂರು! ನ್ಯಾಯ ಕೊಡುವವರು ಎದುರು ಪಕ್ಷದವರೇ. ಆದರೂ ಹೋದರು. ಸಭೆ ಕೂತಿತು, ಮಾತಾಡಿತು, ತೀರ್ಮಾನ ಕೊಟ್ಟಿತು. ಮೊದಲು ವಿಭೂತಿ, ವೀಳ್ಯ ಸಲ್ಲಿಸಬೇಕು. ಆಮೇಲೆ ಜೈನರು ತಮ್ಮ ಪೂಜೆ, ದೀಪ, ಅಲಂಕಾರ, ಉತ್ಸವ ಎಲ್ಲವನ್ನೂ ಹಿಂದಿನಿಂದ ನಡೆದು ಬಂದಂತೆ ನಡೆಸಿಕೊಳ್ಳಬಹುದು, ಸೂರ್ಯಚಂದ್ರರು ಇರುವವರೆಗೂ.

ಇದು ಪೂರ್ತಿ ಸಮಾನತೆಯೇನಲ್ಲ. ತಮ್ಮದೇ ಬಸದಿಯಲ್ಲಿ ಮೊದಲು ವಿಭೂತಿ ವೀಳ್ಯ ಕೊಡಬೇಕು ಅಂದರೆ ಜೈನರು ಒಂದಿಷ್ಟು ಬಗ್ಗಲೇಬೇಕಾಯಿತು. ಆ ಕಾಲದಲ್ಲಿ ಈ ಭಾಗದಲ್ಲಿ ಯಾರ ಕೈ ಮೇಲಾಗಿತ್ತು ಅನ್ನೋದು ಇದರಲ್ಲೇ ಕಾಣುತ್ತದೆ. ಅದನ್ನು ಮುಚ್ಚಿಟ್ಟು ಸೌಹಾರ್ದದ ಕಥೆ ಹೇಳೋದು ನಮಗೆ ಇಷ್ಟವಿಲ್ಲ.

ಆದರೆ ಶಾಸನದ ಕೊನೆಯ ಭಾಗ ಓದಿ ನಾವು ಬೆರಗಾದೆವು. ಈ ಜಿನಧರ್ಮಕ್ಕೆ ಅಡ್ಡಿ ಮಾಡಿದವರು ಮಹಾಮಹತ್ತಿಗೆ ಹೊರಗು, ಶಿವದ್ರೋಹಿ, ಜಂಗಮದ್ರೋಹಿ ಎಂಬ ಅರ್ಥದ ಎಚ್ಚರಿಕೆ ಅಲ್ಲಿದೆ. ವಿಭೂತಿ ರುದ್ರಾಕ್ಷಿಗೂ ದ್ರೋಹ ಮಾಡಿದಂತೆ ಎಂದೂ ಸೇರಿಸಿದ್ದಾರೆ. ಈ ಮಾತು ಜೈನರಿಗಲ್ಲ, ಅವರಿಗೆ ಶಿವದ್ರೋಹದ ಭಯ ಯಾಕೆ? ಸಭೆ ಎಚ್ಚರಿಸಿದ್ದು ತನ್ನ ಜನರನ್ನೇ.

ಇದಕ್ಕೂ 270 ವರ್ಷ ಮೊದಲು, 1368ರಲ್ಲಿ, ನಮ್ಮದೇ ಜಿಲ್ಲೆಯ ಶ್ರವಣಬೆಳಗೊಳದ ವಿಚಾರದಲ್ಲೂ ಹೀಗೇ ಒಂದು ರಾಜಿ ಆಗಿತ್ತು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ. ವಿಜಯನಗರದ ಬುಕ್ಕರಾಯ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟ. ವ್ಯವಸ್ಥೆಯೂ ಆಯಿತು: ಜೈನರ ಮನೆಗೆ ವರ್ಷಕ್ಕೆ ಒಂದು ಹಣದಂತೆ ಸೇರಿಸಿ, ದೇವರ ಕಾವಲಿಗೆ 20 ಜನ ಆಳುಗಳನ್ನು ನೇಮಿಸಬೇಕು, ಉಳಿದ ಹಣದಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿದು ದುರಸ್ತಿ ಮಾಡಿಸಬೇಕು. ಇದನ್ನು ನೋಡಿಕೊಳ್ಳುವ ಹೊಣೆ ಬಿದ್ದಿದ್ದು ತಿರುಮಲೆಯ ತಾತಯ್ಯನ ಮೇಲೆ, ಅವನು ಶ್ರೀವೈಷ್ಣವ. ಅಲ್ಲಿ ರಾಜ ನಡುವೆ ನಿಂತಿದ್ದ. ಹಳೇಬೀಡಿನಲ್ಲಿ ನಾಯಕರ ಆಳ್ವಿಕೆ ಇದ್ದರೂ ತೀರ್ಮಾನ ಬಂದಿದ್ದು ಸಭೆಯಿಂದ.

ಅರಸೀಕೆರೆಯದು ಇನ್ನೂ ಹಳೆಯ ಮಾತು. 1220ರ ಸುಮಾರಿಗೆ ಅಲ್ಲಿ ಶಿವನಿಗೆ ಗುಡಿ ಆಯಿತು, ಅದೇ ಈಗಿನ ಈಶ್ವರ ದೇವಸ್ಥಾನ. ಆಸುಪಾಸಿನ ವರ್ಷಗಳಲ್ಲೇ ಅದೇ ಊರಿನಲ್ಲಿ ಸಹಸ್ರಕೂಟ ಜಿನಾಲಯವೂ ಎದ್ದಿತು. ಕಟ್ಟಿಸಿದ ರೇಚರಸ ಹೊರಗಿನಿಂದ ಬಂದವನು. ಕಳಚುರಿಗಳ ಬಳಿ ಇದ್ದು, ಆಮೇಲೆ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದವನು. ಹೊಸಬನೊಬ್ಬ ದೊಡ್ಡ ಕಟ್ಟಡ ಎಬ್ಬಿಸಿದರೆ ಅದನ್ನು ಮುಂದೆ ನೋಡಿಕೊಳ್ಳುವವರು ಯಾರು? ಅರಸೀಕೆರೆಯ ಸಾವಿರ ಮನೆತನಗಳ ಬೆಂಬಲ ಅದಕ್ಕಿತ್ತು ಎಂದು ಶಾಸನ ಹೇಳುತ್ತದೆ. ರಾಜ ಒಂದು ಹಳ್ಳಿಯ ಆದಾಯ ಬಿಟ್ಟುಕೊಟ್ಟ, ಊರು ಬೆನ್ನಿಗೆ ನಿಂತಿತು.

ಧರ್ಮದ ಹೆಸರಿನಲ್ಲಿ ಜನ ಸೇರುವುದು ಈಗಲೂ ನಿಂತಿಲ್ಲ. ಕೆಲವು ವರ್ಷಗಳ ಹಿಂದೆ ಹಳೇಬೀಡಿನ ದ್ವಾರಸಮುದ್ರ ಕೆರೆ ಒಣಗಿ ನಿಂತಾಗ, ಹಳೇಬೀಡು, ಮಾದಿಹಳ್ಳಿ ಭಾಗದ ಕೆರೆಗಳಿಗೆ ರಣಘಟ್ಟ ಯೋಜನೆಯಿಂದ ನೀರು ಕೊಡಿ ಎಂದು ರೈತರು ಬೀದಿಗಿಳಿದರು. ಅವರ ಜೊತೆ ಮಠಗಳ ಸ್ವಾಮೀಜಿಗಳೂ ಬಂದರು. ರೈತ ಸಂಘ ಒಂದೇ ಕರೆದಿದ್ದರೆ ಅಷ್ಟು ಜನ ಸೇರುತ್ತಿದ್ದರೋ ಇಲ್ಲವೋ, ನಮ್ಮೊಳಗೇ ಇದರ ಬಗ್ಗೆ ವಾದ ಮುಗಿದಿಲ್ಲ. ಒಬ್ಬರ ಪ್ರಕಾರ ಮಠ ಬಂದರೆ ಒಂದು ಜಾತಿಯ ಹೋರಾಟವಾಗಿಬಿಡುತ್ತದೆ. ಇನ್ನೊಬ್ಬರು ಹೇಳೋದು, ಕೆರೆ ತುಂಬಿದರೆ ನೀರು ಎಲ್ಲರ ತೋಟದ ಬೋರ್‌ವೆಲ್‌ಗೂ ಇಳಿಯುತ್ತದಲ್ಲ ಅಂತ.

ಈ ಹಳೆಯ ರಾಜಿಗಳೆಲ್ಲ ನಮಗೆ ಗೊತ್ತಾಗಿದ್ದು ಯಾರೋ ಕಲ್ಲಿನಲ್ಲಿ ಬರೆಸಿಟ್ಟಿದ್ದರಿಂದ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 5ನೇ ಸಂಪುಟದಲ್ಲಿ ತಾಲ್ಲೂಕುವಾರು ನಂಬರ್ ಹಾಕಿ ಅಚ್ಚು ಮಾಡಿಸಿದರು. ನಿಮ್ಮೂರಿನ ಹೆಸರೂ ಅದರಲ್ಲಿರಬಹುದು. ಕೆರೆ ಏರಿಯಲ್ಲೋ, ಗುಡಿಯ ಹಿಂದೋ ಅಕ್ಷರವಿರುವ ಕಲ್ಲು ಬಿದ್ದಿದ್ದರೆ, ಬಟ್ಟೆ ಒಗೆಯುವ ಕಲ್ಲಾಗುವ ಮೊದಲು ಒಂದು ಫೋಟೊ ತೆಗೆದಿಡಿ. ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದರೆ ಅಕ್ಷರ ಚೆನ್ನಾಗಿ ಕಾಣುತ್ತವೆ.