ಮುಂಬೈ ಮ್ಯಾರಥಾನ್: ದೇಣಿಗೆಗಾಗಿ ಓಡುವುದು ಹೇಗೆ?

2004ರಲ್ಲಿ ಶುರುವಾದ, ಜನವರಿಯಲ್ಲಿ ನಡೆಯುವ ಮುಂಬೈ ಮ್ಯಾರಥಾನ್ ಸಮಾಜಸೇವೆಗೆ ಹಣ ಸಂಗ್ರಹಿಸುವ ದೊಡ್ಡ ವೇದಿಕೆಯೂ ಹೌದು. ದೇಣಿಗೆ ಸಂಗ್ರಹದ ಉಸ್ತುವಾರಿ ಯುನೈಟೆಡ್ ವೇ ಮುಂಬೈ ಸಂಸ್ಥೆಯದು. ಓಟಗಾರರು ನೋಂದಾಯಿತ ಸೇವಾ ಸಂಸ್ಥೆಯೊಂದನ್ನು ಆರಿಸಿಕೊಂಡು, ಅದಕ್ಕಾಗಿ ಬಂಧುಮಿತ್ರರಿಂದ ದೇಣಿಗೆ ಕೇಳುತ್ತಾರೆ.

ಪೂರ್ಣ ಮ್ಯಾರಥಾನ್ ದೂರ 42.195 ಕಿ.ಮೀ. ಇದಕ್ಕೆ ಸಾಮಾನ್ಯವಾಗಿ 16ರಿಂದ 20 ವಾರಗಳ ತರಬೇತಿ ಬೇಕು. ವಾರಕ್ಕೊಂದು ದೀರ್ಘ ಓಟವಿರಲಿ. ದೂರವನ್ನು ಹಂತಹಂತವಾಗಿ ಹೆಚ್ಚಿಸಿ, ಕೊನೆಯ ಎರಡು-ಮೂರು ವಾರ ತಗ್ಗಿಸಿ. ಮುಂಬೈಯಲ್ಲಿ ಜನವರಿಯಲ್ಲೂ ಬಿಸಿಲೇರಿದಂತೆ ಸೆಕೆ ಹೆಚ್ಚುತ್ತದೆ. ಪೆಡ್ಡರ್ ರಸ್ತೆಯ ಏರು ಎದುರಾಗುವುದೂ ಕಾಲು ದಣಿದ ಕೊನೆಯ ಹಂತದಲ್ಲೇ.

ಎದೆನೋವು, ತಲೆಸುತ್ತು ಕಂಡರೆ ತಕ್ಷಣ ಓಟ ನಿಲ್ಲಿಸಿ, ವೈದ್ಯಕೀಯ ನೆರವು ಪಡೆಯಿರಿ. ದೇಣಿಗೆ ಕೊಟ್ಟವರಿಗೆ ಏನು ಹೇಳಲಿ ಎಂಬ ಅಳುಕು ಬೇಡ: ಓಟ ಅರ್ಧಕ್ಕೆ ನಿಂತರೂ ಅವರು ಕೊಟ್ಟ ಹಣ ಸಂಸ್ಥೆಗೇ ಸೇರುತ್ತದೆ.