ತೊರೆಯ ಎಲೆಗಸ ಮತ್ತು ಜಲಶಿಲೀಂಧ್ರಗಳು: ಕೆ.ಆರ್. ಶ್ರೀಧರ್ ಅವರ ಸಂಶೋಧನೆ ಮೂರ್ನಾಡಿಗೆ ಹೇಳುವುದೇನು?

ದಟ್ಟ ನೆರಳಿನ ತೊರೆಗೆ ಬಿಸಿಲು ಬೀಳುವುದು ಕಡಿಮೆ. ಅಲ್ಲಿ ಪಾಚಿಗಿಂತ ದಡದ ಮರಗಳಿಂದ ಉದುರಿದ ಎಲೆಯೇ ಆಹಾರದ ಮುಖ್ಯ ಮೂಲ. ಆದರೆ ಒಣಗಿ ಬಿದ್ದ ಎಲೆ ನೀರುಹುಳುಗಳಿಗೆ ಹಾಗೆಯೇ ದಕ್ಕುವುದಿಲ್ಲ. ಮೊದಲು ಜಲವಾಸಿ ಹೈಫೋಮೈಸೀಟ್ ಎಂಬ ಶಿಲೀಂಧ್ರಗಳು ಅದರೊಳಗೆ ಹಬ್ಬಿ, ಸೆಲ್ಯುಲೋಸ್ ಮತ್ತು ಪೆಕ್ಟಿನ್‌ಗಳನ್ನು ಒಡೆದು, ಎಲೆಯನ್ನು ಮೆದುಗೊಳಿಸುತ್ತವೆ. ಇಂಗ್ಲೆಂಡಿನ ಸಿ.ಟಿ. ಇಂಗೋಲ್ಡ್ 1942ರಲ್ಲಿ ಕೊಳೆಯುವ ಆಲ್ಡರ್ ಎಂಬ ಮರದ ಎಲೆಗಳ ಮೇಲೆ ಇವನ್ನು ವಿವರಿಸಿದ ಮೇಲೆ ಈ ಅಧ್ಯಯನಕ್ಕೆ ಗಟ್ಟಿ ನೆಲೆ ಸಿಕ್ಕಿತು. ಇವುಗಳಲ್ಲಿ ಹಲವಕ್ಕೆ ನಾಲ್ಕು ತೋಳಿನ ಬೀಜಕಗಳಿವೆ. ಹರಿಯುವ ನೀರಿನಲ್ಲಿ ಅವು ಲಂಗರಿನಂತೆ ಎಲೆಗೆ ಕಚ್ಚಿಕೊಳ್ಳುತ್ತವೆ.

ಕರ್ನಾಟಕದಲ್ಲಿ ಈ ಕೆಲಸ ಬೇರೂರಿದ್ದು ಮಂಗಳೂರು ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಕೆ.ಆರ್. ಶ್ರೀಧರ್ ಮತ್ತು ಕೆ.ಎಂ. ಕಾವೇರಿಯಪ್ಪ 1984ರಲ್ಲಿ ಕೊಣಾಜೆ ತೊರೆಯ ಶಿಲೀಂಧ್ರಗಳ ಋತುಮಾನದ ಏರಿಳಿತವನ್ನು ಪ್ರಕಟಿಸಿದರು. ದೂರದ ಮಹಾನದಿಯನ್ನು ಅರಸದೆ ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಹರಿಯುವ ತೊರೆಯಿಂದ ಶುರುಮಾಡಿದ್ದು ಈ ಸಂಶೋಧನೆಯ ದೊಡ್ಡ ಬಲವೆಂದು ನಾನು ಭಾವಿಸುತ್ತೇನೆ. ಮತ್ತೆ ಮತ್ತೆ ಅದೇ ಜಾಗಕ್ಕೆ ಹೋಗದೆ ಋತುಮಾನದ ಅಧ್ಯಯನ ಸಾಧ್ಯವಿಲ್ಲ. ಅಲ್ಲಿಂದ ಕೆಲಸ ಪಶ್ಚಿಮ ಘಟ್ಟದ ಬೆಟ್ಟದ ತೊರೆಗಳಿಗೆ, ಗಂಧಕದ ಚಿಲುಮೆಗೆ, ಉಪ್ಪುನೀರಿಗೆ, ತೋಟದ ಬೆಳೆಗಳ ಬೇರಿನೊಳಗೆ, ಮರದ ಪೊಟರೆಯಲ್ಲಿ ನಿಂತ ನೀರಿಗೂ ಹಬ್ಬಿತು. ಕೆನಡಾದ ಫೆಲಿಕ್ಸ್ ಬೇರ್ಲೋಕರ್ ಅವರ ಜೊತೆಗಿನ ಸಹಯೋಗ ಇದಕ್ಕೆ ಪ್ರಯೋಗದ ಬಿಗಿ ತಂದಿತು. 2001ರಲ್ಲಿ ಶ್ರೀಧರ್ ಮತ್ತು ಸಂಗಡಿಗರು ಮಧ್ಯ ಜರ್ಮನಿಯ, ಭಾರಲೋಹಗಳಿಂದ ಮಲಿನವಾದ ಎರಡು ತೊರೆಗಳಲ್ಲಿ ಆಲ್ಡರ್ ಎಲೆ ಕೊಳೆಯುವ ಬಗೆಯನ್ನು ವರದಿ ಮಾಡಿದರು.

ಈ ಅಧ್ಯಯನಗಳ ವಿಧಾನ ಸರಳ. ತೂಕಮಾಡಿದ ಒಣ ಎಲೆಗಳನ್ನು ಬಲೆಚೀಲದಲ್ಲಿ ಕಟ್ಟಿ ತೊರೆಯಲ್ಲಿ ಮುಳುಗಿಸಿ, ನಿಗದಿತ ದಿನಗಳಿಗೆ ಒಂದೊಂದಾಗಿ ತೆಗೆಯುತ್ತಾರೆ. ಎಲೆಯ ಚೂರುಗಳನ್ನು ನೀರಿನಲ್ಲಿಟ್ಟು ಗಾಳಿಗುಳ್ಳೆ ಹಾಯಿಸಿದರೆ ಬೀಜಕಗಳು ಬಿಡುಗಡೆಯಾಗುತ್ತವೆ. ಅವನ್ನು ಸೋಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಎಣಿಸುತ್ತಾರೆ. ಶಿಲೀಂಧ್ರದ ಒಟ್ಟು ರಾಶಿಯನ್ನು ಅದರ ಕೋಶಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಪ್ರಮಾಣದಿಂದ ಅಂದಾಜಿಸುತ್ತಾರೆ.

ನನ್ನ ಮಟ್ಟಿಗೆ ಈ ಸಂಶೋಧನಾ ಸರಣಿಯ ಅತ್ಯಂತ ಮಹತ್ವದ ಲೇಖನ 1998ರದು. ಎನ್.ಎಸ್. ರವಿರಾಜ, ಶ್ರೀಧರ್ ಮತ್ತು ಬೇರ್ಲೋಕರ್ ಸಾವಯವ ಕೊಳೆಯಿಂದ ಕೆಟ್ಟ ಭಾರತೀಯ ನದಿಯೊಂದರಲ್ಲಿ ಆಲ ಮತ್ತು ನೀಲಗಿರಿ ಎಲೆಗಳನ್ನು ಇಟ್ಟು ನೋಡಿದರು. ಶಿಲೀಂಧ್ರ ಜಾತಿಗಳು ಕೆಲವೇ ಸಿಕ್ಕವು. ಎಲೆ ಕೊಳೆಯುವುದು ಮಾತ್ರ ನಿಲ್ಲಲಿಲ್ಲ. ಅಂದರೆ ಎಲೆ ಕೊಳೆಯುತ್ತಿದೆ ಎಂಬುದೊಂದನ್ನೇ ನೋಡಿ ನದಿ ಆರೋಗ್ಯವಾಗಿದೆ ಎನ್ನುವಂತಿಲ್ಲ. ಉಳಿದ ಕೆಲವು ಜಾತಿಗಳು ಎಲ್ಲರ ಕೆಲಸವನ್ನೂ ಹೊತ್ತು ಸಾಗುತ್ತಿರಬಹುದು. ಅವೂ ಹೋದ ದಿನ ಆ ಕೆಲಸಕ್ಕೆ ಬದಲಿ ಇರುವುದಿಲ್ಲ.

ಈ ಮಾತು ಮೂರ್ನಾಡಿಗೆ ನೇರವಾಗಿ ತಾಗುತ್ತದೆ. ಕೊಡಗಿನ ಮಡಿಕೇರಿ-ವಿರಾಜಪೇಟೆ ದಾರಿಯ ಈ ಊರಿನ ಸುತ್ತಲಿನ ನೀರು ಬಲಮುರಿ, ಬೇತ್ರಿಗಳಲ್ಲಿ ಹರಿಯುವ ಕಾವೇರಿಯನ್ನು ಸೇರುತ್ತದೆ. ಚಳಿಗಾಲದಲ್ಲಿ ಕಾಫಿ ಕೊಯ್ಲು ಆರಂಭವಾದಾಗ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ) ನಡೆದ ನೀರು ಸರಿಯಾಗಿ ಸಂಸ್ಕರಣೆಯಾಗದೆ ತೊರೆಗಿಳಿದರೆ, ಅದರ ಸಕ್ಕರೆ ಮತ್ತು ಪೆಕ್ಟಿನ್ ಹುಳಿತು ನೀರು ಆಮ್ಲೀಯವಾಗುತ್ತದೆ, ಕರಗಿದ ಆಮ್ಲಜನಕ ಕುಸಿಯುತ್ತದೆ. ಆಗಲೇ ತೊರೆಯ ಹರಿವು ಇಳಿಮುಖ. ಎಲೆ ಉದುರಿಸುವ ಕಾಡುಮರಗಳ ಎಲೆಯೂ ಅದೇ ತಿಂಗಳುಗಳಲ್ಲಿ ನೀರಿಗೆ ಬೀಳುತ್ತದೆ. ಶಿಲೀಂಧ್ರಗಳಿಗೆ ಕೆಲಸ ಹೆಚ್ಚುವ ಹೊತ್ತಿಗೇ ಅವುಗಳ ಉಸಿರು ಕಟ್ಟುತ್ತದೆ. ಜೊತೆಗೆ ಎಷ್ಟೋ ತೋಟಗಳಲ್ಲಿ ಕಾಡುಮರಗಳ ಜಾಗಕ್ಕೆ ಸಿಲ್ವರ್ ಓಕ್ ಬಂದಿದೆ. ಬೀಳುವ ಎಲೆಯ ಬಗೆಯೇ ಬದಲಾದರೆ ಅದನ್ನು ಕೊಳೆಸುವ ಸಮುದಾಯವೂ ಬದಲಾಗುತ್ತದೆಯೇ ಎಂಬುದನ್ನು ಇಲ್ಲೇ ಪರೀಕ್ಷಿಸಬೇಕು. ತೊರೆಯ ಆರೋಗ್ಯ ತಿಳಿಯಲು ನೀರಿನ ರಾಸಾಯನಿಕ ಪರೀಕ್ಷೆಯೊಂದೇ ಸಾಲದು, ಏಕೆಂದರೆ ಅದು ಮಾದರಿ ತೆಗೆದ ಗಳಿಗೆಯ ಸ್ಥಿತಿಯನ್ನಷ್ಟೇ ತೋರಿಸುತ್ತದೆ. ಎಲೆಚೀಲದೊಳಗಿನ ಶಿಲೀಂಧ್ರಗಳು ವಾರಗಟ್ಟಲೆ ಆ ನೀರಿನಲ್ಲೇ ಬದುಕಿರುತ್ತವೆ.

ಬಹುಕಾಲ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಕೊಡಗಿಗೆ 2023ರಿಂದ ತನ್ನದೇ ವಿಶ್ವವಿದ್ಯಾಲಯವಿದೆ. ಅಲ್ಲಿನ ಜೀವವಿಜ್ಞಾನದ ಅಧ್ಯಾಪಕರಲ್ಲಿ ಮತ್ತು ಮೂರ್ನಾಡು ಸುತ್ತಿನ ಬೆಳೆಗಾರರಲ್ಲಿ ನನ್ನ ವಿನಂತಿ ಇಷ್ಟು: ಪಲ್ಪಿಂಗ್ ಘಟಕದ ಮೇಲ್ಗಡೆ ಒಂದು, ಕೆಳಗಡೆ ಒಂದು ಜಾಗ ಗೊತ್ತುಮಾಡಿ, ಕಾಡುಮರದ ಎಲೆ ಮತ್ತು ಸಿಲ್ವರ್ ಓಕ್ ಎಲೆಯ ಚೀಲಗಳನ್ನು ಕೊಯ್ಲಿಗೆ ಮೊದಲೂ ಅನಂತರವೂ ಇಡಿ, ಎಲೆ ಕಳೆದುಕೊಂಡ ತೂಕದ ಜೊತೆಗೆ ಶಿಲೀಂಧ್ರ ಜಾತಿಗಳನ್ನೂ ಎಣಿಸಿ, ಪ್ರತಿವರ್ಷದ ಪಟ್ಟಿಯನ್ನು ಕನ್ನಡದಲ್ಲೇ ಪ್ರಕಟಿಸಿ.